ಔಷಧಿ ಬಿಟ್ಟಿ, ಅಲೆದಾಟ ದುಬಾರಿ

2025ರ ಕೇಂದ್ರ ಬಜೆಟ್ ಒಂದು ಮಾತು ಕೊಟ್ಟಿತು. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ, 2025-26ರಲ್ಲೇ 200. ಬಜೆಟ್ ಪುಸ್ತಕದಲ್ಲಿ ಇದು ಒಂದು ಸಾಲು, ಅಷ್ಟೆ. ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ಬಂದ ಮನೆಗೆ ಈ ಸಾಲಿನ ಬೆಲೆ ಎಷ್ಟು?

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿಯ ಮನೆ ಎಂದಿಟ್ಟುಕೊಳ್ಳಿ. ಏಳು ವರ್ಷದ ಹುಡುಗಿ. ಬಿಟ್ಟು ಬಿಟ್ಟು ಜ್ವರ. ಮುಖ ಬಿಳಿಚಿದೆ. ಕಾಲು ನೋವು ಅಂತ ರಾತ್ರಿಯೆಲ್ಲ ಅಳು. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ. ಮೊದಲು ಮೆಡಿಕಲ್ ಸ್ಟೋರಿನ ಸಿರಪ್ಪು, ಆಮೇಲೆ ಓಣಿಯ ಡಾಕ್ಟರು, ಆಮೇಲೆ ತಾಯಿತ. "ದೃಷ್ಟಿ ಆಗಿರಬೇಕು ಕಣಮ್ಮ" ಅನ್ನುವವರಿಗೇನು ಬರವೇ? ತಿಂಗಳು ಕಳೆದ ಮೇಲೆ ಯಾರೋ ಪುಣ್ಯಾತ್ಮರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅಲ್ಲಿಂದ ಚೀಟಿ ನೇರ ಬೆಂಗಳೂರಿಗೆ, 1973ರಿಂದ ಬಡವರು ನಂಬಿರುವ ಕಿದ್ವಾಯಿ ಆಸ್ಪತ್ರೆಗೆ.

ಕಾರ್ಡು ಇದೆ, ಕಾಸು ಎಲ್ಲಿ?

ಬಿಪಿಎಲ್ ಕಾರ್ಡು ಇದ್ದವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಸಣ್ಣ ಮಾತಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ತಾಯಿ-ಮಗಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ.

ಹಾಗಾದರೆ ಖರ್ಚೇನು? ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಆ ತನಕ ಹಮಾಲಿಗೆ ಕೆಲಸಕ್ಕೆ ಹೋದ ದಿನ ಮಾತ್ರ ಕೂಲಿ. ಬೆಂಗಳೂರಿನ ಬಾಡಿಗೆ ಕೋಣೆ, ಹೊರಗಿನ ಊಟ, ಊರಲ್ಲಿ ಅಜ್ಜಿಯ ಬಳಿ ಬಿಟ್ಟ ಚಿಕ್ಕವನ ಖರ್ಚು, ಕೈಸಾಲದ ಬಡ್ಡಿ. ಇದಕ್ಕೆ ಯಾವ ಕಾರ್ಡೂ ಇಲ್ಲ. ಇಂಜೆಕ್ಷನ್ ಆದ ಮೇಲೆ ವಾಂತಿ ಮಾಡುವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು. ರಕ್ತದ ಪ್ಲೇಟ್‌ಲೆಟ್ ಐದಾರು ದಿನಕ್ಕಿಂತ ಹೆಚ್ಚು ಇಡಲಾಗದು. ಮತ್ತೆ ಮತ್ತೆ ದಾನಿಗಳನ್ನು ಹುಡುಕಬೇಕು. ಸಾಲದ್ದಕ್ಕೆ, ಕೂದಲು ಉದುರಿದ ಮಗುವಿನಿಂದ ತಮ್ಮ ಮಕ್ಕಳನ್ನು ದೂರ ಎಳೆಯುವ ನೆರೆಯವರು. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಇನ್ನೆಷ್ಟು ಸಲ ಹೇಳಬೇಕೋ!

ಚೇತರಿಕೆಯೇ ಅಪಾಯದ ಹೊತ್ತು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ; ಬಡ, ಮಧ್ಯಮ ದೇಶಗಳಲ್ಲಿ ಹಲವೆಡೆ 30ಕ್ಕೂ ಕಡಿಮೆ. ಕಾಯಿಲೆ ತಡವಾಗಿ ಪತ್ತೆಯಾಗುವುದು ಇದಕ್ಕೊಂದು ಕಾರಣ, ಚಿಕಿತ್ಸೆಯನ್ನು ನಡುವೆ ಬಿಡುವುದು ಇನ್ನೊಂದು.

ಬಿಡುವುದು ಯಾವಾಗ? ಬಹಳ ಸಲ, ಮಗು ಚೇತರಿಸಿಕೊಂಡಾಗಲೇ. ಮೊದಲ ತಿಂಗಳುಗಳ ಔಷಧಿಗೆ ರಕ್ತದಲ್ಲಿ ರೋಗ ಕಾಣದಂತಾಗುತ್ತದೆ. ಮಗು ಬೀದಿಯಲ್ಲಿ ಆಡುತ್ತದೆ. "ಗುಣ ಆಯ್ತಲ್ಲ, ಇನ್ಯಾಕೆ ಅಲೆದಾಟ?" ಎಂದು ಸಾಲದಲ್ಲಿ ಮುಳುಗಿದ ಅಪ್ಪ ಕೇಳಿದರೆ ಅವನನ್ನು ದಡ್ಡ ಅನ್ನಬೇಡಿ, ಅವನ ಲೆಕ್ಕ ಅವನಿಗೆ. ಆದರೆ ಅಡಗಿದ ರೋಗ ತಿರುಗಿ ಬಂದರೆ ಗುಣಪಡಿಸುವುದು ಬಲು ಕಷ್ಟ.

ಜಿಲ್ಲಾ ಕೇಂದ್ರ ಬೆಲೆ ಬಾಳುವುದು ಇಲ್ಲಿಯೇ. ರೋಗ ಪತ್ತೆ, ಮೊದಲ ಹಂತದ ಚಿಕಿತ್ಸೆ, ಬೆನ್ನುಹುರಿಯ ಬಳಿ ಕೊಡುವ ಇಂಜೆಕ್ಷನ್ನು ಬೆಂಗಳೂರಿನಲ್ಲೇ ಆಗಲಿ. ಆಮೇಲಿನ ರಕ್ತ ಪರೀಕ್ಷೆ, ಮಾತ್ರೆ, ಸಣ್ಣ ಇಂಜೆಕ್ಷನ್ನು ದುರ್ಗದಲ್ಲೇ ಸಿಕ್ಕರೆ ಅಪ್ಪ ಮರುದಿನ ಮೂಟೆ ಹೊರಬಹುದು. ಚಿಕಿತ್ಸೆ ನಡೆಯುವಾಗ ಜ್ವರ ಬಂದರೆ ಬೆಳಗಿನ ತನಕ ಕಾಯುವಂತಿಲ್ಲ. ಅಂಥ ಮಗುವಿಗೆ ರಾತ್ರಿಯೇ ಹಾಸಿಗೆ ಸಿಗಬೇಕು.

ಬರಿ ಬೋರ್ಡು ನೇತುಹಾಕಿ ರಿಬ್ಬನ್ ಕತ್ತರಿಸಿದರೆ ಇದಾವುದೂ ಆಗದು. ತರಬೇತಾದ ನರ್ಸು, ಮಕ್ಕಳ ಅಳತೆಯ ಔಷಧಿ, ಕಿದ್ವಾಯಿಯ ಡಾಕ್ಟರರೊಂದಿಗೆ ನಿತ್ಯದ ಸಂಪರ್ಕ ಬೇಕು. ಊರಿನ ಪಾಲೂ ಇದೆ: ಗಿರಣಿ ಮಾಲೀಕರು ಕೆಲಸ ಉಳಿಸಲಿ, ಅಂಗಡಿಯವರು ಉದ್ರಿ ಪುಸ್ತಕವನ್ನು ನಾಲ್ಕು ದಿನ ಮುಚ್ಚಿಡಲಿ, ಹುಡುಗರು ರಕ್ತ ಕೊಡಲಿ, ಶಾಲೆಯವರು ಹಾಜರಿಯಿಂದ ಹೆಸರು ಹೊಡೆಯದಿರಲಿ.

ಎಲ್ಲಕ್ಕಿಂತ ಅಗ್ಗದ ಔಷಧಿ ಇನ್ನೊಂದಿದೆ. ಹೇಳಿದ ತಾರೀಖಿಗೆ ಮಗು ಬರಲಿಲ್ಲವೆಂದರೆ ಅಂದೇ ಸಂಜೆ ಆ ಮನೆಗೆ ಫೋನು ಮಾಡಿ "ಯಾಕಮ್ಮ ಬರಲಿಲ್ಲ?" ಎಂದು ಕೇಳುವ ಒಬ್ಬ ಗುಮಾಸ್ತ. ಆ ಹುದ್ದೆಯನ್ನು ಜಿಲ್ಲಾಸ್ಪತ್ರೆ ಮೊದಲು ತುಂಬಲಿ.