ಷರತ್ತಿನ ವಾಕ್ಯ: ಸೂತ್ರಕ್ಕೆ ಮೊದಲು ಅರ್ಥ

ಇಂಗ್ಲಿಷ್ ವ್ಯಾಕರಣದ ಷರತ್ತಿನ ವಾಕ್ಯಗಳು ಪ್ರೌಢಶಾಲೆಯ ಅನೇಕ ವಿದ್ಯಾರ್ಥಿಗಳಿಗೆ ಕಬ್ಬಿಣದ ಕಡಲೆಯಾಗಿಯೇ ಉಳಿದಿವೆ. ಮೊದಲನೆಯ, ಎರಡನೆಯ, ಮೂರನೆಯ ಬಗೆಯೆಂದು ಸೂತ್ರಗಳನ್ನು ಕಂಠಪಾಠ ಮಾಡಿಸಿದರೆ ಅಂಕಗಳು ದೊರೆತಾವು, ಭಾಷೆ ವಶವಾಗದು.

ಅರ್ಥಭೇದವಂತೂ ಕನ್ನಡದ ಮಗುವಿಗೆ ಹೊಸತಲ್ಲ. ‘ಹಣವಿದ್ದರೆ ಕೊಡುತ್ತೇನೆ’ ಎಂಬುದು ಭರವಸೆ. ‘ಹಣವಿದ್ದರೆ ಕೊಡುತ್ತಿದ್ದೆ’ ಎಂಬುದು ಅಸಹಾಯಕತೆ. ಎರಡರಲ್ಲಿಯೂ ‘ಇದ್ದರೆ’ ಒಂದೇ; ಭೇದವೆಲ್ಲ ಕೊನೆಯ ಕ್ರಿಯಾಪದದಲ್ಲಿದೆ. ಇಂಗ್ಲಿಷಾದರೋ ಎರಡು ಕಡೆಯಲ್ಲಿಯೂ ರೂಪ ಬದಲಿಸುತ್ತದೆ: ‘ಇಫ್ ಐ ಹ್ಯಾವ್ ಮನಿ, ಐ ವಿಲ್ ಗಿವ್’; ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್’. ವಿದ್ಯಾರ್ಥಿ ಎಡವುವುದು ಇಲ್ಲಿಯೇ. ‘ಹ್ಯಾಡ್’ ಕಂಡೊಡನೆ ಅದು ಕಳೆದ ಕಾಲದ ಮಾತೆಂದು ಭಾವಿಸುತ್ತಾನೆ. ‘ಕೊಡುತ್ತಿದ್ದೆ’ ಎಂಬುದೂ ರೂಪದಲ್ಲಿ ಭೂತಕಾಲವೇ. ಆದರೆ ಇಲ್ಲಿ ಅದು ಸೂಚಿಸುವುದು ಈಗ ಕೈಯಲ್ಲಿ ಹಣವಿಲ್ಲವೆಂಬುದನ್ನು. ‘ಹ್ಯಾಡ್’ ಮಾಡುವ ಕೆಲಸವೂ ಅದೇ.

ಆದುದರಿಂದ ಅಧ್ಯಾಪಕರು ಇಂತಹ ಕನ್ನಡ ವಾಕ್ಯಗಳ ಭಾವವನ್ನು ಮೊದಲು ವಿದ್ಯಾರ್ಥಿಗಳ ಬಾಯಿಂದಲೇ ಹೇಳಿಸಿ, ಅನಂತರ ಇಂಗ್ಲಿಷಿನ ರೂಪಗಳಿಗೆ ಬರುವುದು ಉಚಿತ. ನಾಳೆ ಅರ್ಜಿ ಬರೆಯಬೇಕಾದ, ವ್ಯವಹಾರ ನಡೆಸಬೇಕಾದ ತರುಣ ತರುಣಿಯರಿಗೆ ಮಾತು ಕೊಡುವುದಕ್ಕೂ ಇಲ್ಲವೆನ್ನುವುದಕ್ಕೂ ಇರುವ ಅಂತರ ಸಣ್ಣದಲ್ಲ.