ಆರಿದ ಹಿಂಬದಿ ದೀಪ: ಚಾಲಕನಿಗೆ ಕಾಣದು, ರಿಪೇರಿಗೆ ಬಗ್ಗದು

ಗಿಣಿಗೇರಾ (ಕೊಪ್ಪಳ): ಹೊಸಪೇಟೆಯಿಂದ ಕೊಪ್ಪಳದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ (ಹಿಂದಿನ ಹೆದ್ದಾರಿ 63) ಕತ್ತಲಾದ ಮೇಲೆ ವಾಹನಗಳ ಗುರುತು ಎರಡು ಕೆಂಪು ಚುಕ್ಕೆಗಳು ಮಾತ್ರ. ಅದಿರು, ಕಲ್ಲಿದ್ದಲು, ಸ್ಪಾಂಜ್ ಐರನ್ ಹೊತ್ತ ಲಾರಿಗಳು ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳತ್ತ ನಿಧಾನವಾಗಿ ಹೊರಳುತ್ತವೆ. ಅವುಗಳ ನಡುವೆ ಕಾರುಗಳು ವೇಗವಾಗಿ ನುಗ್ಗುತ್ತವೆ. ಹುಣ್ಣಿಮೆ ಸಮೀಪಿಸಿದರೆ ಹುಲಿಗೆಮ್ಮನ ದರ್ಶನಕ್ಕೆ ಹೊರಟ ಪಾದಯಾತ್ರಿಗಳೂ ಇದೇ ರಸ್ತೆಯ ಅಂಚಿನಲ್ಲಿರುತ್ತಾರೆ. ಇಂಥಲ್ಲಿ ಮುಂದಿನ ಕಾರಿನ ಒಂದು ಹಿಂಬದಿ ದೀಪ ಆರಿದ್ದರೆ ಹಿಂದಿನವನಿಗೆ ಅದು ಬೈಕಿನಂತೆ ಕಾಣುತ್ತದೆ. ಎರಡೂ ಆರಿದ್ದರೆ ಏನೂ ಕಾಣುವುದಿಲ್ಲ.

ದೀಪ ಕೆಡುವುದು ಹೊಸ ಸಂಗತಿಯಲ್ಲ. ಆದರೆ ಎಲ್‌ಇಡಿ ದೀಪಗಳು ಬಂದ ಮೇಲೆ ಕೆಟ್ಟ ದೀಪವನ್ನು ಸರಿಪಡಿಸುವ ಲೆಕ್ಕಾಚಾರವೇ ಬದಲಾಗಿದೆ. ಕಾರಿನ ಆಯುಷ್ಯದಷ್ಟೇ ಬಾಳುತ್ತದೆಂದು ನಂಬಲಾದ ದೀಪ ನಡುವೆಯೇ ಕೈಕೊಟ್ಟಾಗ ಮಾಲೀಕನ ಮುಂದೆ ಬರುವುದು ಬಲ್ಬಿನ ಬೆಲೆಯಲ್ಲ, ಇಡೀ ದೀಪದ ಘಟಕದ ಬೆಲೆ. ಹೀಗಾಗಿ ರಿಪೇರಿ ಮುಂದಕ್ಕೆ ಹೋಗುತ್ತದೆ, ಕಾರು ಮಾತ್ರ ರಸ್ತೆಯಲ್ಲೇ ಇರುತ್ತದೆ.

ಹಳೆಯ ವ್ಯವಸ್ಥೆ ಸರಳವಾಗಿತ್ತು. ಒಂದೇ ಬಲ್ಬಿನೊಳಗೆ ಎರಡು ತಂತಿಗಳು: ರಾತ್ರಿ ಉರಿಯಲು 5 ವ್ಯಾಟ್, ಬ್ರೇಕ್ ಒತ್ತಿದಾಗ ಉರಿಯಲು 21 ವ್ಯಾಟ್. ಬಲ್ಬ್ ಸುಟ್ಟರೆ ಹೆದ್ದಾರಿ ಪಕ್ಕದ ಯಾವ ಆಟೊಮೊಬೈಲ್ ಅಂಗಡಿಯಲ್ಲಾದರೂ ಕೆಲವು ಹತ್ತು ರೂಪಾಯಿಗೆ ಸಿಗುತ್ತಿತ್ತು. ಹೋಲ್ಡರ್ ತಿರುಗಿಸಿ ಹಾಕಲು ಲಾರಿಯ ಕ್ಲೀನರ್ ಹುಡುಗನೇ ಸಾಕಾಗಿತ್ತು.

ಎಲ್‌ಇಡಿ ಬಂದದ್ದು ಸಕಾರಣವಾಗಿಯೇ. ಅದು ಕಡಿಮೆ ವಿದ್ಯುತ್ ಬಳಸುತ್ತದೆ, ಬೇಗ ಬೆಳಗುತ್ತದೆ. ತಂತಿಯ ಬಲ್ಬ್ ಪೂರ್ಣ ಪ್ರಕಾಶಕ್ಕೆ ಬರಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ಹಿಂದಿನ ಕಾರು ಐದೂವರೆ ಮೀಟರ್ ಮುಂದೆ ಬಂದಿರುತ್ತದೆ. ಎಲ್‌ಇಡಿಯಲ್ಲಿ ಈ ವಿಳಂಬ ಹೆಚ್ಚುಕಡಿಮೆ ಇಲ್ಲ. ಬ್ರೇಕ್ ದೀಪದ ಮಟ್ಟಿಗೆ ಇದು ನಿಜವಾದ ಲಾಭ.

ಹಾಗಾದರೆ ಕೆಡುವುದೇಕೆ? ಚುಕ್ಕೆಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಅದರ ಸುತ್ತಲಿನ ಭಾಗಗಳು. ಒಂದು ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಕಾರಿನ ಬ್ಯಾಟರಿಯಿಂದ ಬರುವುದು 12 ವೋಲ್ಟ್. ಆದ್ದರಿಂದ ಮೂರು-ನಾಲ್ಕು ಚುಕ್ಕೆಗಳನ್ನು ಸಾಲಾಗಿ ಜೋಡಿಸಿ, ವಿದ್ಯುತ್ ಹರಿವನ್ನು ಹದದಲ್ಲಿಡುವ ಬಿಡಿಭಾಗಗಳನ್ನು ಸೇರಿಸಿರುತ್ತಾರೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ, ಒಂದರ ಬೆಸುಗೆ ಬಿಟ್ಟರೆ ಆ ಸಾಲೆಲ್ಲ ಕತ್ತಲು. ಬಿಸಿಲು, ಕುಲುಕಾಟ, ಲೆನ್ಸಿನ ಅಂಚಿನಿಂದ ಒಳನುಗ್ಗುವ ತೇವ ಈ ಬೆಸುಗೆಗಳ ಶತ್ರುಗಳು.

ಗಿಣಿಗೇರಾದಲ್ಲಿ ಇವುಗಳ ಜತೆ ಕಾರ್ಖಾನೆಯ ದೂಳೂ ಇದೆ. ಕೊಪ್ಪಳ ಸುತ್ತಲಿನ ಕಾರ್ಖಾನೆ ಮಾಲಿನ್ಯ, ಹೊಸ ಉಕ್ಕು ಘಟಕದ ಪ್ರಸ್ತಾವಗಳ ವಿರುದ್ಧ 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ನಡೆದಿತ್ತು. ಮನೆ, ಬೆಳೆ, ಶ್ವಾಸಕೋಶದ ಬಗ್ಗೆ ನಡೆದ ಆ ಚರ್ಚೆಯಲ್ಲಿ ವಾಹನದ ದೀಪ ತೀರಾ ಸಣ್ಣ ವಿಷಯ, ಸರಿ. ಆದರೆ ಕಪ್ಪು ದೂಳು ಮೆತ್ತಿದ ಕೆಂಪು ಗಾಜಿನ ಹಿಂದೆ ದೀಪ ಉರಿಯುತ್ತಿದ್ದರೂ ಹಿಂದಿನವನ ಪಾಲಿಗೆ ಅದು ಆರಿದಂತೆಯೇ. ಮೊದಲ ಚಿಕಿತ್ಸೆ ಒದ್ದೆ ಬಟ್ಟೆ.

ಆರಿದ್ದು ದೀಪವೇ, ವೈರಿಂಗೇ?

ಬಟ್ಟೆಯಿಂದ ಕೆಲಸವಾಗದಿದ್ದರೆ ಹೊಸ ಘಟಕ ಕೊಳ್ಳುವ ಮೊದಲು ನೋಡಬೇಕಾದ್ದು ಬೇರೆ ಇದೆ. ಎರಡೂ ಬದಿಯ ದೀಪಗಳು ಒಟ್ಟಿಗೆ ಆರಿದ್ದರೆ ದೋಷ ಫ್ಯೂಸ್ ಅಥವಾ ಸ್ವಿಚ್‌ನಲ್ಲಿರುವ ಸಂಭವ ಹೆಚ್ಚು. ಒಂದೇ ಬದಿ ಪೂರ್ತಿ ಆರಿದ್ದರೆ ಕನೆಕ್ಟರ್ ಬಿಚ್ಚಿ ನೋಡಬೇಕು. ಪಿನ್ನುಗಳ ಮೇಲೆ ಹಸಿರು ಪಾಚಿಯಂಥ ಕಿಲುಬು ಕಂಡರೆ ಅದನ್ನು ತೆಗೆಯುವುದರಿಂದಲೇ ದೀಪ ಹತ್ತಬಹುದು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಬೆಳಗಿದರೆ ಅರ್ಥಿಂಗ್ ಸಡಿಲವಾಗಿದೆ ಎಂದೇ ಅರ್ಥ. ಕೆಲವೇ ಚುಕ್ಕೆಗಳು ಆರಿ ಉಳಿದವು ಉರಿಯುತ್ತಿದ್ದರೆ ಮಾತ್ರ ದೋಷ ಘಟಕದ ಒಳಗಿನದ್ದೆಂದು ಬಹುತೇಕ ಖಚಿತ. ಈ ಪರೀಕ್ಷೆಗಳಿಗೆ ಅರ್ಧ ಗಂಟೆ ಸಾಕು. ಇವನ್ನು ಮಾಡದೆಯೇ ಘಟಕ ಬದಲಿಸಿ, ಸಾವಿರಾರು ರೂಪಾಯಿ ತೆತ್ತ ಬಳಿಕವೂ ದೀಪ ಹತ್ತದೆ ಪೇಚಾಡುವವರು ಇಲ್ಲದಿಲ್ಲ.

ಒಳಗಿನ ದೋಷವಾದರೆ ದಾರಿಗಳು ಕಿರಿದು. ಲೆನ್ಸನ್ನು ದೀಪದ ಪೆಟ್ಟಿಗೆಗೆ ಅಂಟಿಸಿ ಮುಚ್ಚಿರುತ್ತಾರೆ, ಒಳಗಿನ ಬೋರ್ಡು ಬಿಡಿಯಾಗಿ ಸಿಗುವುದು ಅಪರೂಪ. ಬಿಸಿ ಮಾಡಿ ಲೆನ್ಸ್ ಬಿಡಿಸಿ, ಸತ್ತ ಚುಕ್ಕೆ ಕಿತ್ತು ಹೊಸದನ್ನು ಬೆಸೆದು, ಸಿಲಿಕೋನ್ ಹಚ್ಚಿ ಮುಚ್ಚುವ ಕೈಕೆಲಸಗಾರರಿದ್ದಾರೆ. ಕೆಲಸ ಶುದ್ಧವಾಗಿದ್ದರೆ ದೀಪ ವರ್ಷಗಟ್ಟಲೆ ಬಾಳುತ್ತದೆ. ಅಂಚು ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ಒಳಗೆ ನೀರು. ಇನ್ನೊಂದು ಅಪಾಯವನ್ನು ಗಮನಿಸುವವರು ಕಡಿಮೆ. ಬದಲಿ ಚುಕ್ಕೆ ಮೂಲಕ್ಕಿಂತ ಪ್ರಖರವಾಗಿದ್ದರೆ ಸದಾ ಉರಿಯುವ ದೀಪವೇ ಬ್ರೇಕ್ ದೀಪದಂತೆ ಕಾಣುತ್ತದೆ. ಆಗ ನಿಜವಾಗಿ ಬ್ರೇಕ್ ಒತ್ತಿದ್ದು ಹಿಂದಿನವನಿಗೆ ತಿಳಿಯುವುದೇ ಇಲ್ಲ. ತಂತಿ ಬಲ್ಬಿಗೆಂದು ಮಾಡಿದ ಹೋಲ್ಡರಿಗೆ ಪೇಟೆಯ ಅಗ್ಗದ ಎಲ್‌ಇಡಿ ಬಲ್ಬ್ ಸಿಕ್ಕಿಸುವುದೂ ಸರಿಯಲ್ಲ. ಒಳಗಿನ ಪ್ರತಿಫಲಕ ರೂಪುಗೊಂಡಿದ್ದು ಬೇರೆ ಬೆಳಕಿಗೆ.

ವಿಮೆ ನೆರವಿಗೆ ಬಂದೀತೆ? ಅಪಘಾತದಲ್ಲಿ ಒಡೆದ ದೀಪಕ್ಕೆ ಬಂದೀತು, ಅದರಲ್ಲೂ ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧದಷ್ಟು ಸವಕಳಿ ಕಡಿತವಾಗುತ್ತದೆ. ತಾನಾಗಿ ಕೆಟ್ಟ ದೀಪ ವಿದ್ಯುತ್ ದೋಷದ ಲೆಕ್ಕಕ್ಕೆ ಸೇರುವುದರಿಂದ ಪರಿಹಾರವಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಉಪಕರಣಗಳ ಜತೆ ವಾಹನವನ್ನೂ ಸೇರಿಸಿತ್ತು. ಅದೇ ವರ್ಷದ ಡಿಸೆಂಬರ್ 24ರಂದು ಪೋರ್ಟಲ್ ಕೂಡ ಬಂತು. ಕಂಪನಿಗಳ ಮಾಹಿತಿ ಒಂದೆಡೆ ದೊರೆತದ್ದು ಪ್ರಯೋಜನವೇ. ಆದರೆ ಮಾಹಿತಿ ದೊರೆತ ಮಾತ್ರಕ್ಕೆ ಅಂಟಿಸಿ ಮುಚ್ಚಿದ ದೀಪ ಬಿಚ್ಚಿಕೊಳ್ಳುವುದಿಲ್ಲ. ಕೆಟ್ಟ ಬೋರ್ಡನ್ನಷ್ಟೇ ಬದಲಿಸುವಂತೆ ದೀಪ ರೂಪಿಸಬೇಕೆಂಬ ಷರತ್ತು ಇಲ್ಲದಿದ್ದರೆ ಈ ಹಕ್ಕಿಗೆ ತೂಕವಿಲ್ಲ.

155 ಮೀಟರ್‌ನ ಲೆಕ್ಕ

ಕಾನೂನು ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 105ನೇ ನಿಯಮದಂತೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮೊದಲಿನವರೆಗೆ, ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣುವಂತೆ ಉರಿಯುತ್ತಿರಬೇಕು. ಇದು ಸುಮ್ಮನೆ ಬರೆದ ಅಂಕಿಯಲ್ಲ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವಷ್ಟರಲ್ಲಿ 33 ಮೀಟರ್, ಕಾರು ನಿಲ್ಲಲು ಮತ್ತೆ ಸುಮಾರು 40 ಮೀಟರ್ ಬೇಕು. ಡಿಮ್ ಮಾಡಿದ ಹೆಡ್‌ಲೈಟ್‌ನಲ್ಲಿ ದೀಪವಿಲ್ಲದ, ದೂಳು ಹಿಡಿದ ವಾಹನ ಕಾಣುವುದು 40-50 ಮೀಟರ್ ಸಮೀಪಕ್ಕೆ ಬಂದಾಗ. ಅಷ್ಟರಲ್ಲಿ ತಡವಾಗಿರುತ್ತದೆ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಅಪ್ಪಳಿಸಿ 13 ಮಂದಿ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಮರಳುತ್ತಿದ್ದವರು. ಅದಕ್ಕೂ ಮುನ್ನ 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ಮಂಜಿನ ನಡುವೆ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ಇಂಥ ಅಪಘಾತಗಳಲ್ಲಿ ವೇಗ, ನಿದ್ದೆ, ಮಂಜು ಎಲ್ಲವೂ ಸೇರಿರುತ್ತವೆ. ದೀಪವೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯನ್ನು ನೋಡಿದರೆ, 1,68,491 ಜನರನ್ನು ಬಲಿ ಪಡೆದ ಆ ವರ್ಷದ ಅಪಘಾತಗಳಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಹಿಂದಿನಿಂದ ಗುದ್ದಿದವು.

ರಾಜ್ಯ ಪೊಲೀಸರು 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಹೆಡ್‌ಲೈಟ್‌ಗಳ ವಿರುದ್ಧ ಕಾರ್ಯಾಚರಣೆ ನಡೆಸಿದ್ದು ಸ್ವಾಗತಾರ್ಹವೇ. ಅತಿ ಬೆಳಕಿನ ಮೇಲೆ ದೂರು ಹೇಳುವವರಿರುತ್ತಾರೆ. ಇಲ್ಲದ ಬೆಳಕಿನ ಮೇಲೆ ದೂರು ಹೇಳುವವರಾರು? ಅದನ್ನು ಕಂಡವನು ಹಿಂದೆ ಉಳಿದಿರುತ್ತಾನೆ, ಮಾಲೀಕನಿಗೆ ಅದು ಗೊತ್ತೇ ಇರುವುದಿಲ್ಲ. ಮುಂಬದಿಯ ಹಗಲು ದೀಪವೂ ಡ್ಯಾಶ್‌ಬೋರ್ಡೂ ಬೆಳಗುತ್ತಿರುವುದರಿಂದ ಎಲ್ಲ ದೀಪಗಳೂ ಹತ್ತಿವೆ ಎಂದು ನಂಬಿ ಮುಸ್ಸಂಜೆಯಲ್ಲಿ ಸ್ವಿಚ್ಚನ್ನೇ ಹಾಕದೆ ಹೋಗುವವರೂ ಇದ್ದಾರೆ. 2019ರ ತಿದ್ದುಪಡಿಯ ನಂತರ ಇಂಥ ತಪ್ಪಿಗೆ 177ನೇ ಸೆಕ್ಷನ್‌ನಡಿ ಮೊದಲ ಸಲ 500 ರೂಪಾಯಿವರೆಗೆ ದಂಡವಿದೆ. ಹೊಸ ದೀಪದ ಬೆಲೆಯ ಮುಂದೆ ಇದು ಅಗ್ಗವೇ!

ಹೊರದೇಶಗಳಲ್ಲೂ ಸಮಸ್ಯೆ ಇದೆ, ಅಲ್ಲಿ ಅದಕ್ಕೊಂದು ವಿಧಾನವೂ ಇದೆ. ಅಮೆರಿಕದಲ್ಲಿ 2022ರ ನವೆಂಬರ್‌ನಲ್ಲಿ ಟೆಸ್ಲಾ ಕಂಪನಿ ಹಿಂಬದಿ ದೀಪ ಆಗಾಗ ಹತ್ತದ ದೋಷಕ್ಕಾಗಿ ಮೂರು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರುಗಳನ್ನು ‘ಹಿಂದಕ್ಕೆ ಕರೆಯಿತು’. ಅದು ತಂತ್ರಾಂಶದ ದೋಷವಾಗಿದ್ದರಿಂದ ದುರಸ್ತಿ ದೂರದಿಂದಲೇ ನಡೆಯಿತು. ಬ್ರಿಟನ್ನಿನಲ್ಲಿ ಮೂರು ವರ್ಷ ಮೀರಿದ ಕಾರು ಪ್ರತಿವರ್ಷ ತಪಾಸಣೆಗೆ ಹೋಗಬೇಕು. ಹಿಂಬದಿಯ ಚುಕ್ಕೆಗಳನ್ನೂ ಅಲ್ಲಿ ನೋಡುತ್ತಾರೆ, ಅರ್ಧಕ್ಕಿಂತ ಹೆಚ್ಚು ಆರಿದ್ದರೆ ಕಾರು ಅನುತ್ತೀರ್ಣ.

ನಮ್ಮಲ್ಲಿ ಲಾರಿ, ಟ್ಯಾಕ್ಸಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅರ್ಹತಾ ಪತ್ರ ಬೇಕು. ಸ್ವಂತ ಬಳಕೆಯ ಕಾರಿಗೆ ಹೊಗೆ ತಪಾಸಣೆಯಷ್ಟೇ ನಿಯಮಿತ. ದೀಪ, ಬ್ರೇಕುಗಳನ್ನು ಆರ್‌ಟಿಒ ಕಚೇರಿಯಲ್ಲಿ ನೋಡುವುದು ನೋಂದಣಿ ನವೀಕರಣದ ಹೊತ್ತಿಗೆ, ಅಂದರೆ 15 ವರ್ಷದ ನಂತರ. 2025ರಲ್ಲಿ ನೋಂದಣಿಯಾಗಿ ಗಿಣಿಗೇರಾ ದಾರಿಯಲ್ಲಿ ಓಡಾಡುತ್ತಿರುವ ಕಾರಿನ ಹಿಂಬದಿ ದೀಪವನ್ನು ಸರ್ಕಾರದ ಪರವಾಗಿ ಯಾರಾದರೂ ಕಡ್ಡಾಯವಾಗಿ ಪರೀಕ್ಷಿಸುವುದು 2040ರಲ್ಲಿ.