ಸೆರಗಿನ ಹಿಂಬದಿ

ಮಲ್ಲೇಶ್ವರದಲ್ಲಾಗಲಿ ಗಾಂಧಿ ಬಜಾರಿನಲ್ಲಾಗಲಿ ಸೀರೆ ಕೊಳ್ಳಹೋದ ಗೃಹಿಣಿಗೆ ‘ಕಸೂತಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಸೆರಗನ್ನು ತಿರುಗಿಸಿ ನೋಡುವುದು ಲೇಸು. ಯಂತ್ರದ ಹೊಲಿಗೆಗೂ ಅಚ್ಚೊತ್ತಿದ ಚಿತ್ರಕ್ಕೂ ಈಗ ಅದೇ ಹೆಸರು. 1999ರ ಭೌಗೋಳಿಕ ಸೂಚಿಗಳ ಕಾಯಿದೆಯ ರಕ್ಷಣೆ ಕಸೂತಿಗೆ ದೊರೆತಿದೆ, ನಿಜ. ಆದರೆ ಕಾಯಿದೆ ಅಂಗಡಿಯ ಗಲ್ಲದ ಬಳಿ ನಿಂತು ಕಾಯುವುದಿಲ್ಲವಷ್ಟೆ!

ಧಾರವಾಡ ಸೀಮೆಯ ಈ ಕೈಗೆಲಸದಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ವಾಡಿಕೆಯೂ ಇಲ್ಲ. ನೇಯ್ದ ಎಳೆಗಳನ್ನು ಎಣಿಸುತ್ತ ಸೂಜಿ ಸಾಗಬೇಕು. ಗಾವಂತಿಯಲ್ಲಿ ಹೋಗುವಾಗ ಬಿಟ್ಟುಹೋದ ಎಡೆಗಳು ಅದೇ ಹಾದಿಯಲ್ಲಿ ಮರಳುವಾಗ ತುಂಬಿಕೊಳ್ಳುತ್ತವೆ. ಆದುದರಿಂದ ಎರಡು ಬದಿಯೂ ಒಂದೇ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿಯೂ ಹಾಗೆಯೇ. ನೇಯ್ಗೆ, ಮೆಂತೆ ಎಂಬ ಇನ್ನೆರಡು ಹೊಲಿಗೆಗಳಲ್ಲಿ ಹಿಂಬದಿಯ ರೂಪ ಬೇರೆ. ಅಲ್ಲಿಯೂ ಗಂಟು ಮಾತ್ರ ಕಾಣದು.

ಇಳಕಲ್ಲಿನ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಮೂಡಿ ನಿಂತಾಗ ನೋಟಕ್ಕೆ ಹಬ್ಬ. ಹೊಲಿದವಳ ಕಣ್ಣಿಗಾದರೋ ಅದು ಕಠಿನ ವ್ರತ. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆಯನ್ನೇ ಎಣಿಸಬೇಕಲ್ಲವೆ? ಒಂದು ಎಳೆ ತಪ್ಪಿದರೂ ಮರಳಿ ಬಂದ ಗೆರೆ ಮೊದಲಿನದನ್ನು ಕೂಡದು. ಬಿಚ್ಚಿ ಪುನಃ ಹೊಲಿಯಬೇಕು. ಯಂತ್ರದ ಸೀರೆಯ ಬೆಲೆಯನ್ನು ಮುಂದಿಟ್ಟುಕೊಂಡು ಇಂತಹ ಸೀರೆಗೆ ಚೌಕಾಶಿ ಮಾಡುವುದು ನ್ಯಾಯವಲ್ಲ. ಯಂತ್ರದ್ದನ್ನು ಕೊಂಡರೂ ತಪ್ಪೇನಿಲ್ಲ; ಅದಕ್ಕೆ ಕೈಗೆಲಸದ ಬೆಲೆ ತೆರದಿದ್ದರಾಯಿತು.